ಗಣಿ ಅಧಿಕಾರಿ ಬರೆದ ಪರಲೋಕದ ವರದಿ

ಸ್ವರ್ಗಕ್ಕೂ ನರಕಕ್ಕೂ ಹೋಗಿ ಬಂದೆ ಎಂದವರು ಎಲ್ಲ ಕಾಲದಲ್ಲೂ ಇದ್ದಾರೆ. ಎಮಾನ್ಯುಯೆಲ್ ಸ್ವೀಡನ್‌ಬೋರ್ಗ್ ಬೇರೆಯಾಗಿ ಕಾಣುವುದು ಅವನ ಬರವಣಿಗೆಯ ರೀತಿಯಿಂದ. ಕಂಡದ್ದನ್ನೆಲ್ಲ ಅವನು ತಪಾಸಣೆಗೆ ಹೋದ ಅಧಿಕಾರಿಯ ಹಾಗೆ, ಒಂದೊಂದು ಕಂಡಿಕೆಗೂ ಅಂಕಿ ಹಾಕಿ, ಆವೇಶವಿಲ್ಲದ ಲ್ಯಾಟಿನ್‌ನಲ್ಲಿ ದಾಖಲಿಸಿದ. ತಪಾಸಣೆ ಅವನಿಗೆ ಹೊಸದೂ ಆಗಿರಲಿಲ್ಲ. ಸ್ವೀಡನ್ನಿನ ಗಣಿ ಮಂಡಳಿಯಲ್ಲಿ ಅವನದು ಮೂವತ್ತು ವರ್ಷಗಳ ನಂಟು.

ಹುಟ್ಟಿದ್ದು 1688ರ ಜನವರಿ 29ರಂದು, ಸ್ಟಾಕ್‌ಹೋಮಿನಲ್ಲಿ. ತಂದೆ ಯೆಸ್ಪರ್ ಸ್ವೆಡ್‌ಬೆರಿ ಲೂಥರನ್ ಪಂಥದ ಪಾದ್ರಿ, ಮುಂದೆ ಸ್ಕಾರಾ ಎಂಬಲ್ಲಿ ಬಿಷಪ್ ಆದವನು. ಮಗ ಉಪ್ಸಾಲಾದಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ, ಖಗೋಳ ಮತ್ತು ಗಣಿತದ ಹುಚ್ಚು ಹತ್ತಿಸಿಕೊಂಡು ಬಂದ. 1716ರಲ್ಲಿ ದೊರೆ 12ನೇ ಚಾರ್ಲ್ಸ್ ಅವನನ್ನು ಗಣಿ ಮಂಡಳಿಗೆ ನೇಮಿಸಿದ. ಎರಡು ವರ್ಷದ ಮೇಲೆ ನಾರ್ವೆ ಗಡಿಯ ಯುದ್ಧದಲ್ಲಿ ದೊರೆಯ ಹಡಗುಗಳನ್ನು ನೆಲದ ಮೇಲೆ ಎಳೆದು ಸಾಗಿಸುವ ಕೆಲಸದಲ್ಲೂ ಅವನ ಕೈ ಇತ್ತು. 1719ರಲ್ಲಿ ಮನೆತನಕ್ಕೆ ಕುಲೀನ ಪದವಿ ಸಿಕ್ಕಿ, ಸ್ವೆಡ್‌ಬೆರಿ ಎಂಬ ಹೆಸರು ಸ್ವೀಡನ್‌ಬೋರ್ಗ್ ಆಯಿತು. 1734ರಲ್ಲಿ ಮೂರು ದಪ್ಪ ಸಂಪುಟಗಳು ಬಂದವು. ಒಂದರಲ್ಲಿ ವಿಶ್ವದ ಹುಟ್ಟು, ಉಳಿದೆರಡರಲ್ಲಿ ಕಬ್ಬಿಣ ಮತ್ತು ತಾಮ್ರ. ಆಮೇಲೆ ಅವನು ಆತ್ಮ ದೇಹದಲ್ಲಿ ಎಲ್ಲಿದೆ ಎಂದು ಹುಡುಕುತ್ತ ಅಂಗರಚನಾ ಶಾಸ್ತ್ರಕ್ಕೆ ಇಳಿದ. ಆತ್ಮ ಸಿಗಲಿಲ್ಲ, ಆದರೆ ಮೆದುಳಿನ ಹೊರಪದರದ ಬಗ್ಗೆ ಅವನು ಬರೆದಿಟ್ಟ ಕೆಲವು ಊಹೆಗಳು ಕಾಲಕ್ಕಿಂತ ಬಹಳ ಮುಂದಿದ್ದವು ಎಂದು ನಂತರದ ವಿಜ್ಞಾನಿಗಳು ಒಪ್ಪಿದರು.

ಐವತ್ತೈದರ ಆಸುಪಾಸಿನಲ್ಲಿ ಕನಸುಗಳು ಶುರುವಾದವು. 1743–44ರಲ್ಲಿ ಅವನು ಬರೆದುಕೊಂಡ ಕನಸಿನ ದಿನಚರಿ ಅವನು ಸತ್ತು ಎಷ್ಟೋ ವರ್ಷಗಳ ಮೇಲೆ, 1859ರಲ್ಲಿ ಅಚ್ಚಾಯಿತು. ಕಾಮ, ಅಹಂಕಾರ, ಭಯ ಯಾವುದನ್ನೂ ಅದರಲ್ಲಿ ಮುಚ್ಚಿಟ್ಟಿಲ್ಲ. 1745ರಲ್ಲಿ ಲಂಡನ್ನಿನಲ್ಲಿ ನಡೆದದ್ದನ್ನು ಗೆಳೆಯ ಕಾರ್ಲ್ ರಾಬ್ಸಾಮ್ ದಾಖಲಿಸಿದ್ದಾನೆ. ಊಟದ ಮನೆಯಲ್ಲಿ ಹೊಟ್ಟೆಬಿರಿಯೆ ಉಣ್ಣುತ್ತಿದ್ದಾಗ ಕತ್ತಲು ಕವಿದಂತಾಯಿತಂತೆ, ಮೂಲೆಯಲ್ಲಿ ಕಂಡವನೊಬ್ಬ ಅಷ್ಟೊಂದು ತಿನ್ನಬೇಡ ಎಂದನಂತೆ. ಅದೇ ರಾತ್ರಿ ಅವನೇ ಮತ್ತೆ ಬಂದು, ತಾನು ದೇವರು, ಗ್ರಂಥದ ಒಳ ಅರ್ಥವನ್ನು ಜನರಿಗೆ ತಿಳಿಸುವುದು ನಿನ್ನ ಕೆಲಸ ಎಂದನಂತೆ. ಇಷ್ಟು ದೊಡ್ಡ ಅಪ್ಪಣೆಗೆ ಇಷ್ಟು ಸಣ್ಣ ಪೀಠಿಕೆ! ಕಟ್ಟುಕತೆ ಹೆಣೆಯುವವನಾಗಿದ್ದರೆ ಊಟದ ಮಾತನ್ನು ಬಿಟ್ಟುಬಿಡುತ್ತಿದ್ದ ಎನ್ನಿಸುತ್ತದೆ.

1747ರಲ್ಲಿ ಅರ್ಧ ಸಂಬಳವನ್ನು ಪಿಂಚಣಿಯಾಗಿ ಪಡೆದು ಮಂಡಳಿಯಿಂದ ಹೊರಬಂದ. ಬೈಬಲಿನ ಮೊದಲ ಎರಡು ಕಾಂಡಗಳಿಗೆ ಪದಪದವಾಗಿ ಒಳ ಅರ್ಥ ಹೇಳುವ ‘ಆರ್ಕಾನಾ ಸೆಲೆಸ್ಟಿಯಾ’ 1749ರಿಂದ 1756ರವರೆಗೆ ಎಂಟು ಸಂಪುಟಗಳಲ್ಲಿ ಲಂಡನ್ನಿನಿಂದ ಹೊರಟಿತು. ಲೇಖಕನ ಹೆಸರಿಲ್ಲ, ಖರ್ಚೆಲ್ಲ ಅವನದೇ. ಮೊದಲ ಸಂಪುಟ ಎರಡು ತಿಂಗಳಲ್ಲಿ ನಾಲ್ಕೇ ಪ್ರತಿ ಮಾರಾಟವಾಯಿತೆಂದು ಅವನೇ ಟಿಪ್ಪಣಿ ಮಾಡಿಕೊಂಡಿದ್ದಾನೆ.

ಅವನ ಬೋಧನೆಯ ತಿರುಳೆಲ್ಲ 1758ರ ‘ಸ್ವರ್ಗ ಮತ್ತು ನರಕ’ ಪುಸ್ತಕದಲ್ಲಿದೆ. ಅದರ ಪ್ರಕಾರ ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ. ಸತ್ತವನು ಮೊದಲು ನಡುವಿನ ಲೋಕವೊಂದರಲ್ಲಿ ಎಚ್ಚರಗೊಳ್ಳುತ್ತಾನೆ. ಅಲ್ಲಿ ಎಲ್ಲವೂ ಇಲ್ಲಿನಂತೆಯೇ ಇರುವುದರಿಂದ, ತಾನು ಸತ್ತಿದ್ದೇನೆ ಎಂದು ಎಷ್ಟೋ ಮಂದಿಗೆ ನಂಬಿಕೆಯೇ ಬರುವುದಿಲ್ಲ. ಕೆಲವು ಕಾಲ ಹಳೆಯ ಮರ್ಯಾದೆ, ಸೋಗು, ಹೊರಗಿನ ಮಾತು ಹಾಗೇ ನಡೆಯುತ್ತದೆ. ಆಮೇಲೆ ಅವು ಕಳಚುತ್ತವೆ. ಮನುಷ್ಯ ಬದುಕಿದ್ದಾಗ ಎಲ್ಲಕ್ಕಿಂತ ಹೆಚ್ಚಾಗಿ ಏನನ್ನು ಪ್ರೀತಿಸಿದನೋ ಆ ಒಲವೊಂದೇ ಉಳಿಯುತ್ತದೆ, ಅದು ಎಳೆದ ಕಡೆಗೆ ಅವನು ತಾನಾಗಿ ನಡೆಯುತ್ತಾನೆ. ಅಧಿಕಾರದ ರುಚಿ ಬಿಡದವನು ಅದೇ ರುಚಿಯವರ ಗುಂಪು ಸೇರುತ್ತಾನೆ. ಅವರು ಒಬ್ಬರನ್ನೊಬ್ಬರು ತುಳಿಯುತ್ತ ಇರುವ ಜಾಗದ ಹೆಸರೇ ನರಕ. ಅಲ್ಲಿನ ದುರ್ನಾತ ಅವರಿಗೆ ಹಿತವಾಗಿರುತ್ತದೆ. ಅಂಥವನೊಬ್ಬ ಹಟ ಹಿಡಿದು ಸ್ವರ್ಗಕ್ಕೆ ಹೋದರೂ ಉಸಿರು ಕಟ್ಟಿ ತಾನೇ ಕೆಳಗೆ ಬೀಳುತ್ತಾನೆ.

ಸ್ವರ್ಗವೂ ಸುಮ್ಮನೆ ಕೂತು ಭಜನೆ ಮಾಡುವ ತಾಣವಲ್ಲ. ಅಲ್ಲಿನ ದೇವದೂತರೆಲ್ಲ ಒಂದು ಕಾಲಕ್ಕೆ ಮನುಷ್ಯರಾಗಿದ್ದವರು. ಅವರಿಗೆ ಕೆಲಸವಿದೆ, ಮನೆಯಿದೆ, ದಾಂಪತ್ಯವೂ ಇದೆ. ಒಳ್ಳೆಯ ಬಾಳು ಬಾಳಿ ಮುಪ್ಪಿನಲ್ಲಿ ಸತ್ತ ಹೆಂಗಸರು ದಿನೇದಿನೇ ಎಳೆಯರಾಗುತ್ತ ಹೋಗುತ್ತಾರೆ. ಕ್ರೈಸ್ತರಲ್ಲದವರಿಗೂ ಅಲ್ಲಿ ಜಾಗವಿದೆ, ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳಿಗೂ ಇದೆ. ನಂಬಿಕೆಯೊಂದರಿಂದಲೇ ಮುಕ್ತಿ ಎನ್ನುತ್ತಿದ್ದ ಲೂಥರನ್ ಚರ್ಚಿಗೆ ಇದೆಲ್ಲ ನುಂಗಲಾರದ ತುತ್ತು. 1769ರಲ್ಲಿ ಗೋಥೆನ್‌ಬರ್ಗಿನಲ್ಲಿ ಅವನ ಇಬ್ಬರು ಅನುಯಾಯಿಗಳ ಮೇಲೆ ಪಾಷಂಡ ಮತದ ಆರೋಪ ಬಂತು.

ಇದೇ ಲೇಖನಿಯಿಂದ ಬೇರೆ ಗ್ರಹಗಳ ಜನರ ಪುಸ್ತಕವೂ ಬಂದಿದೆ. ಚಂದ್ರನಲ್ಲಿ ಗಾಳಿಯ ಸ್ವರೂಪ ಬೇರೆಯಾದ್ದರಿಂದ ಅಲ್ಲಿನವರು ಹೊಟ್ಟೆಯಿಂದ ಮಾತಾಡುತ್ತಾರಂತೆ. ಅವನ ಪಟ್ಟಿ ಶನಿಗ್ರಹಕ್ಕೆ ನಿಲ್ಲುತ್ತದೆ. ಹರ್ಷೆಲ್ ಯುರೇನಸ್ ಕಂಡುಹಿಡಿದದ್ದು 1781ರಲ್ಲಿ. ಅದರ ಸುದ್ದಿಯನ್ನು ಯಾವ ದೇವದೂತನೂ ಅವನಿಗೆ ಮುಂಚಿತವಾಗಿ ಕೊಟ್ಟಿರಲಿಲ್ಲ. ನನ್ನ ಮಟ್ಟಿಗೆ ಈ ಒಂದು ಕೊರತೆ ಎಷ್ಟೋ ತರ್ಕಗಳಿಗಿಂತ ಹೆಚ್ಚು ಹೇಳುತ್ತದೆ.

ಹಾಗೆಂದು ಅವನನ್ನು ಹುಚ್ಚನೆಂದು ತಳ್ಳಿಹಾಕುವುದೂ ಸುಲಭವಲ್ಲ. 1759ರ ಜುಲೈ 19ರಂದು ಅವನು ಗೋಥೆನ್‌ಬರ್ಗಿನ ಔತಣವೊಂದರಲ್ಲಿದ್ದಾಗ, ಸುಮಾರು 400 ಕಿಲೋಮೀಟರ್ ದೂರದ ಸ್ಟಾಕ್‌ಹೋಮಿನಲ್ಲಿ ಬೆಂಕಿ ಬಿದ್ದಿದೆ ಎಂದನೆಂದೂ, ತನ್ನ ಮನೆಯಿಂದ ಮೂರನೆಯ ಬಾಗಿಲಿನಲ್ಲಿ ಅದು ಆರಿತು ಎಂದನೆಂದೂ ಪ್ರತೀತಿ. ಇದನ್ನು ಪತ್ರವೊಂದರಲ್ಲಿ ಬರೆದಿಟ್ಟವನು ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್. ಅವನೇ ದುಡ್ಡು ಕೊಟ್ಟು ಎಂಟೂ ಸಂಪುಟ ತರಿಸಿ ಓದಿ, 1766ರಲ್ಲಿ ಲೇಖಕನನ್ನು ಗೇಲಿ ಮಾಡಲೆಂದೇ ಒಂದು ಪುಸ್ತಕ ಬರೆದ. ಇತ್ತ ಸ್ವೀಡನ್‌ಬೋರ್ಗ್ ಮಾತ್ರ ದೇವದೂತರ ಜೊತೆ ಮಾತಾಡುತ್ತಲೇ ಕುಲೀನರ ಸಭೆಗೆ ನಾಣ್ಯದ ಬೆಲೆ ಕುಸಿತದ ಬಗ್ಗೆ ಮನವಿ ಬರೆಯುತ್ತಿದ್ದ. ಹಾಲು, ರೊಟ್ಟಿ, ಬೇಕಾದಷ್ಟು ಸಕ್ಕರೆ ಹಾಕಿದ ಕಾಫಿ, ಮನೆಯ ಹಿತ್ತಲ ತೋಟ, ಇಷ್ಟೇ ಅವನ ಸಂಸಾರ. ಮದುವೆಯಾಗಲಿಲ್ಲ.

1772ರ ಮಾರ್ಚ್ 29ರಂದು ಲಂಡನ್ನಿನ ಬಾಡಿಗೆ ಮನೆಯಲ್ಲಿ ತೀರಿಕೊಂಡ. ಅವನು ಮಠ ಕಟ್ಟಲಿಲ್ಲ, ಶಿಷ್ಯರನ್ನು ಕೂಡಿಸಲಿಲ್ಲ. ಅವನ ಹೆಸರಿನ ಹೊಸ ಚರ್ಚನ್ನು ಓದುಗರೇ 1787ರಲ್ಲಿ ಶುರುಮಾಡಿದರು. ಕವಿ ವಿಲಿಯಂ ಬ್ಲೇಕ್ 1789ರಲ್ಲಿ ಅವರ ಸಭೆಗೆ ಹೋಗಿ ಸಹಿ ಹಾಕಿ, ಸ್ವಲ್ಪ ಕಾಲದಲ್ಲೇ ತಿರುಗಿಬಿದ್ದು ಅಣಕಿಸಿದ. ಜಪಾನಿನ ಝೆನ್ ವಿದ್ವಾಂಸ ಡಿ. ಟಿ. ಸುಜುಕಿ ‘ಸ್ವರ್ಗ ಮತ್ತು ನರಕ’ವನ್ನು 1910ರಲ್ಲಿ ತನ್ನ ನುಡಿಗೆ ತಂದ. ಕಣ್ಣು, ಕಿವಿ ಎರಡೂ ಇಲ್ಲದ ಹೆಲೆನ್ ಕೆಲರ್ ಹುಡುಗಿಯಾಗಿದ್ದಾಗಲೇ ಅದನ್ನು ಉಬ್ಬಚ್ಚಿನಲ್ಲಿ ಬೆರಳಾಡಿಸಿ ಓದಿದಳು, 1927ರಲ್ಲಿ ಅವನ ಬಗ್ಗೆ ತಾನೇ ಪುಸ್ತಕ ಬರೆದಳು.

ಓದಿ ನೋಡುವ ಆಸೆಯಿದ್ದವರು ಎಂಟು ಸಂಪುಟಗಳಿಗೆ ಕೈಹಾಕುವ ಅಗತ್ಯವಿಲ್ಲ. ‘ಸ್ವರ್ಗ ಮತ್ತು ನರಕ’ದ 603 ಕಂಡಿಕೆಗಳಲ್ಲಿ ನಡುವಿನ ಲೋಕದ ಭಾಗ 421ರಿಂದ ಶುರುವಾಗುತ್ತದೆ. ಅಲ್ಲಿಂದ ಹಿಡಿದರೆ ಸಾಕು, ಹಿಂದಿನದನ್ನು ಆಮೇಲೆ ಓದಬಹುದು.