ವೈದ್ಯಕೀಯ ಬರವಣಿಗೆ: ಬರೆಯುವವರು ಯಾರು, ಹೆಸರು ಯಾರದು?

ನಮ್ಮ ಕನ್ನಡಿಗರ ಮನೆಗಳ ಹೆಣ್ಣುಮಕ್ಕಳಲ್ಲಿ ಕೆಲವರು ಫಾರ್ಮಸಿ ಅಥವಾ ಜೀವವಿಜ್ಞಾನದ ಪದವಿ ಪಡೆದು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ‘ಮೆಡಿಕಲ್ ರೈಟರ್’ಗಳಾಗಿ ದುಡಿಯುತ್ತಿದ್ದಾರೆ. ಅದೇನು ಕೆಲಸವೆಂದು ಬಂಧುಗಳು ಕೇಳಿದರೆ ಹಿರಿಯರಾದ ನಾವು ತಡವರಿಸುತ್ತೇವೆ.

ಹೊಸ ಔಷಧ ಮಾರುಕಟ್ಟೆಗೆ ಬರುವ ಮುನ್ನ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಬೇಕಾಗುತ್ತದೆ. ಆ ಪರೀಕ್ಷೆಯ ಯೋಜನೆ, ಭಾಗವಹಿಸುವವರ ಒಪ್ಪಿಗೆ ಪತ್ರ, ಫಲಿತಾಂಶದ ವರದಿ, ಔಷಧ ನಿಯಂತ್ರಕರಿಗೆ ಸಲ್ಲಿಸುವ ದಾಖಲೆ, ವೈದ್ಯಕೀಯ ನಿಯತಕಾಲಿಕದ ಪ್ರಬಂಧ, ಇವುಗಳ ಕರಡನ್ನು ಸಿದ್ಧಪಡಿಸುವುದೇ ಈ ವೃತ್ತಿ. ಔಷಧದ ಪ್ರಮಾಣದಲ್ಲಿ ಒಂದು ಸೊನ್ನೆ ತಪ್ಪಿದರೂ ರೋಗಿಯ ಜೀವಕ್ಕೆ ಅಪಾಯ.

ಅಮೆರಿಕ ಮತ್ತು ಯುರೋಪುಗಳಲ್ಲಿ ಈ ವೃತ್ತಿಯಲ್ಲಿರುವವರ ಪೈಕಿ ಮಹಿಳೆಯರೇ ಹೆಚ್ಚು. ಆದರೆ ಪ್ರಬಂಧದ ಮೇಲೆ ಅಚ್ಚಾಗುವ ಹೆಸರುಗಳ ಕಥೆ ಬೇರೆ. ಆರು ಪ್ರಮುಖ ವೈದ್ಯಕೀಯ ಪತ್ರಿಕೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಮೆರಿಕದ ವೈದ್ಯರು ಬರೆದ ಸಂಶೋಧನಾ ಪ್ರಬಂಧಗಳ ಮೊದಲ ಲೇಖಕರಲ್ಲಿ ಮಹಿಳೆಯರು 1970ರಲ್ಲಿ ಶೇ. 5.9 ಇದ್ದರು, 2004ರಲ್ಲಿ ಶೇ. 29.3 ಆದರು. ಮಾರ್ಗದರ್ಶಕರಿಗೆ ಮೀಸಲಾದ ಕೊನೆಯ ಹೆಸರಿನ ಸ್ಥಾನದಲ್ಲಿ 2004ರಲ್ಲೂ ಅವರ ಪಾಲು ಶೇ. 19.3 ಮಾತ್ರ.

ಇದಕ್ಕೆ ನಿಯಮವೇ ಕಾರಣವೆನ್ನಲಾಗದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ಪ್ರಕಾರ, ಬರೆದುಕೊಟ್ಟ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ. ಸಂಶೋಧನೆಯಲ್ಲಿ ಗಣನೀಯ ಪಾಲು ಹಾಗೂ ಹೊಣೆಗಾರಿಕೆ ಇರಬೇಕು. ಬರವಣಿಗೆಗೆ ನೆರವಾದವರನ್ನು ಕೃತಜ್ಞತೆಯ ಭಾಗದಲ್ಲಿ ಹೆಸರಿಸಬೇಕು. ಈ ನಿಯಮ ನ್ಯಾಯವಾದುದೇ. ಚಿಂತೆಯ ವಿಷಯವೆಂದರೆ, ಹೆಸರು ಹಿಂದೆ ಉಳಿಯುವ ಕಡೆ ಹೆಣ್ಣುಮಕ್ಕಳು ತುಂಬಿರುವುದು, ಹೆಸರು ಮುಂದೆ ನಿಲ್ಲುವ ಕಡೆ ವಿರಳವಾಗಿರುವುದು. ಸಮಯಾನುಕೂಲ ನೋಡಿ ಮನೆಯಿಂದಲೇ ಮಾಡಬಹುದಾದ ಕೆಲಸವೆಂದು ಮಗಳಿಗೆ ಈ ದಾರಿ ತೋರಿಸುವ ನಾವು, ಸಂಶೋಧನೆಯ ದೀರ್ಘ ವರ್ಷಗಳನ್ನು ಮಗನಿಗಷ್ಟೇ ಮೀಸಲಿಡುತ್ತಿಲ್ಲವೇ?

ಕನ್ನಡದಲ್ಲಿ ನಮಗೆ ಬೇರೊಂದು ಮೇಲ್ಪಂಕ್ತಿಯಿದೆ. ಡಾ. ಅನುಪಮಾ ನಿರಂಜನ (1934–1991) ವೈದ್ಯವೃತ್ತಿಯ ಜೊತೆಗೆ ‘ತಾಯಿ-ಮಗು’, ‘ಕೇಳು ಕಿಶೋರಿ’ಯಂತಹ ಕೃತಿಗಳನ್ನು ರಚಿಸಿದರು. ಹೆಣ್ಣಿನ ದೇಹ, ಬಸಿರು, ಬಾಣಂತನಗಳ ಕುರಿತು ಮನೆಯೊಳಗೂ ಸಂಕೋಚದಿಂದ ಆಡುತ್ತಿದ್ದ ಮಾತನ್ನು ತಮ್ಮದೇ ಹೆಸರಿನಲ್ಲಿ ಅಚ್ಚಿಗೆ ತಂದರು.

ಮೆಡಿಕಲ್ ರೈಟರ್ ಆಗಿರುವ ಮಗಳ ಕೆಲಸ ಗೌರವದ್ದು; ಅದನ್ನು ಬಂಧುಗಳಿಗೆ ಹೆಮ್ಮೆಯಿಂದಲೇ ಹೇಳೋಣ. ಜೊತೆಗೆ, ತನ್ನದೇ ಸಂಶೋಧನೆ ನಡೆಸಿ ಬರೆಯುವ ಆಸೆ ಅವಳಿಗಿದ್ದರೆ, ಅದಕ್ಕೆ ಬೇಕಾದ ವರ್ಷಗಳನ್ನೂ ಮನೆಯವರಾದ ನಾವು ಮನಸಾರೆ ಬಿಟ್ಟುಕೊಡೋಣ.