ಸೆಲ್ ಸೇವರ್ ತಾನೇ ಬರೆದಿಡುವ ಲೆಕ್ಕ

ಹೃದಯದ ಆಪರೇಷನ್‌ನಲ್ಲಿ ಸೋರಿದ ರಕ್ತವನ್ನೆಲ್ಲ ಚೆಲ್ಲಬೇಕಾಗಿಲ್ಲ. ಸೆಲ್ ಸೇವರ್ ಯಂತ್ರ ಅದನ್ನು ಹೀರಿ, ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿ, ಬಟ್ಟಲಲ್ಲಿ ಗರಗರ ತಿರುಗಿಸಿ, ಸಲೈನ್‌ನಲ್ಲಿ ತೊಳೆದು, ಕೆಂಪು ರಕ್ತಕಣಗಳನ್ನು ಚೀಲಕ್ಕೆ ತುಂಬುತ್ತದೆ. ಅದು ಅದೇ ರೋಗಿಗೆ ವಾಪಸ್.

ಈಗ ಯಂತ್ರದ ಪರದೆ ನೋಡಿ. ಎಷ್ಟು ಮಿಲಿಲೀಟರ್ ರಕ್ತ ಬಂತು, ತೊಳೆಯಲು ಎಷ್ಟು ಸಲೈನ್ ಹೋಯಿತು, ಚೀಲಕ್ಕೆ ಎಷ್ಟು ಸೇರಿತು, ಯಾವ ಹೊತ್ತಿಗೆ? ಹೊಸ ಯಂತ್ರಗಳು ಪ್ರತಿ ಸುತ್ತನ್ನೂ ತಾವೇ ದಾಖಲಿಸುತ್ತವೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಕಿಟ್‌ನ ಲಾಟ್ ನಂಬರೂ ಸೇರುತ್ತದೆ.

ರಕ್ತ ಹರಿಯುತ್ತಿರುವಾಗ ಪೆನ್ನು ಹಿಡಿಯಲು ಯಾರಿಗೆ ಪುರಸೊತ್ತು? ಹೊತ್ತು ತಪ್ಪಾಗಿ ಬರೆದರೆ ಅಪಾಯ. ಏಕೆಂದರೆ ಫ್ರಿಜ್‌ನ ಹೊರಗಿಟ್ಟ ಚೀಲವನ್ನು ಸಾಮಾನ್ಯವಾಗಿ 4 ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಆದರೆ ಚೀಲಕ್ಕೆ ರೋಗಿಯ ಹೆಸರು ಅಂಟಿಸಿ, ಕೊಡುವ ಮುನ್ನ ಮತ್ತೊಮ್ಮೆ ಓದಿ ನೋಡುವುದು ಈಗಲೂ ಮನುಷ್ಯರದೇ ಹೊಣೆ.