ಟ್ರೇಲರು ಕಟ್ಟಿದ ಟ್ರ್ಯಾಕ್ಟರಿಗೆ ಯಾವ ಲೈಸೆನ್ಸು ಬೇಕು?

ತೋಟದಿಂದ ಅಂಗಳಕ್ಕೆ ಅಡಿಕೆ ಕೊನೆ, ಬೆಟ್ಟದಿಂದ ತೋಟಕ್ಕೆ ಸೊಪ್ಪು, ಮನೆಯಿಂದ ಕುಮಟೆಯ ಮಾರುಕಟ್ಟೆಗೆ ಚಾಲಿ ಚೀಲ ಎಂದು ನಮ್ಮ ಸದಸ್ಯರ ಟ್ರ್ಯಾಕ್ಟರುಗಳಿಗೆ ಬಿಡುವೆಂಬುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳ ಸದಸ್ಯರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಟ್ರ್ಯಾಕ್ಟರಿಗೆ ಟ್ರೇಲರು ಕಟ್ಟಿದರೆ ಅದು ಭಾರೀ ವಾಹನವಾಗುತ್ತದೆಯೇ? ಸಾದಾ ಲೈಸೆನ್ಸು ಸಾಲದೇ?

ದಂಡದ ಹೆದರಿಕೆಯಿಂದ ಹುಟ್ಟಿದ ಪ್ರಶ್ನೆ ಇದು. ಆದರೆ ದಂಡ ಸಣ್ಣ ಮಾತು. ಅಪಘಾತವಾಗಿ ಪರಿಹಾರದ ದಾವೆ ಬಂದಾಗ ವಿಮಾ ಕಂಪನಿಯವರು ಮೊದಲು ನೋಡುವುದು ಚಾಲಕನ ಲೈಸೆನ್ಸನ್ನು. ಅದರಲ್ಲಿ ದೋಷ ಕಂಡರೆ ಲಕ್ಷಗಟ್ಟಲೆ ಹಣದ ಹೊಣೆ ಮಾಲಕನ ತಲೆಗೆ, ಎಂದರೆ ತೋಟದ ಮೇಲೆ, ಬರುತ್ತದೆ.

1988ರ ಮೋಟಾರು ವಾಹನ ಕಾಯಿದೆ ಲಘು ವಾಹನಕ್ಕೆ ಹಾಕಿದ ಮಿತಿ 7,500 ಕಿಲೋ. ಈ ಅಂಕಿ ಎಲ್ಲರಿಗೂ ಗೊತ್ತು. ಅದನ್ನು ಯಾವ ತೂಕಕ್ಕೆ ಹಿಡಿಯಬೇಕೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಪಿಕಪ್ಪು, ಲಾರಿಗಳಿಗೆ ಹೇರು ಸೇರಿದ ಒಟ್ಟು ತೂಕವನ್ನು ಹಿಡಿಯಬೇಕು. ಟ್ರ್ಯಾಕ್ಟರಿಗೆ ಹಾಗಲ್ಲ, ಅದರ ಖಾಲಿ ತೂಕ ಮಾತ್ರ ಲೆಕ್ಕಕ್ಕೆ. ನಮ್ಮ ಕಡೆಯ ಸಾಮಾನ್ಯ ಟ್ರ್ಯಾಕ್ಟರು ಸುಮಾರು 2 ಟನ್ ತೂಗುತ್ತದೆ, ಆದ್ದರಿಂದ ಅದು ಲಘು ವಾಹನವೇ.

ಇನ್ನು ಟ್ರೇಲರಿನ ಮಾತು. ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದರಲ್ಲಿ ಈ ವಾದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಟ್ರೇಲರು ಕಟ್ಟಿ ಸರಕು ಹೇರಿದ ಮೇಲೆ ಅದು ಸಾರಿಗೆ ವಾಹನ, ಟ್ರ್ಯಾಕ್ಟರಿನ ಲೈಸೆನ್ಸು ಅದಕ್ಕೆ ನಡೆಯದು ಎಂದು ವಿಮಾ ಕಂಪನಿ ವಾದಿಸಿತು. 2001ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಟ್ರ್ಯಾಕ್ಟರು ನಡೆಸಲು ಸರಿಯಾದ ಲೈಸೆನ್ಸು ಇರುವವನು ಹಿಂದೆ ಟ್ರೇಲರು ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ತೀರ್ಪಿತ್ತಿತು. ಮುಂದೆ 6 ನವೆಂಬರ್ 2024ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಲಘು ವಾಹನದ ಲೈಸೆನ್ಸು ಉಳ್ಳವರು ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನೂ ಬೇರೆ ನಮೂದಿಲ್ಲದೆ ನಡೆಸಬಹುದೆಂದು ಹೇಳಿತು. ಪಿಕಪ್ಪು ಇಟ್ಟುಕೊಂಡವರ ಚಿಂತೆಯೂ ಇದರಿಂದ ತೀರಿತು.

ಲಾರಿಯನ್ನು ಮಾತ್ರ ಕಣ್ಣಂದಾಜಿನಲ್ಲಿ ಅಳೆಯಬಾರದು. ಒಟ್ಟು ತೂಕ 7,490 ಕಿಲೋ ಎಂದೇ ತಯಾರಾಗಿ ಬರುವ ಲಾರಿಗಳಿವೆ (ಆ ಹತ್ತು ಕಿಲೋ ಏಕೆ ಬಿಟ್ಟರೆಂದು ಬಿಡಿಸಿ ಹೇಳಬೇಕಿಲ್ಲ). ನೋಡಲು ಹಾಗೆಯೇ ಇದ್ದು ಮಿತಿ ದಾಟಿದವೂ ಇವೆ. ಆರ್.ಸಿ.ಯಲ್ಲಿ ಬರೆದದ್ದೇ ಪ್ರಮಾಣ. ಮಿತಿ ದಾಟಿದರೆ ಸಾರಿಗೆ ವಾಹನದ ಲೈಸೆನ್ಸು ಬೇಕು. ಅದಕ್ಕೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾಗಿರಬೇಕು.

ಲೈಸೆನ್ಸು ಸರಿಯಿದ್ದರೆ ಎಲ್ಲವೂ ಸರಿ ಎಂದು ತಿಳಿಯುವುದು ತಪ್ಪು. ಕೃಷಿಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರೊಂದು ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುತ್ತಿದ್ದಾಗ ಟ್ರಾಲಿಯ ಮೇಲೆ ಕುಳಿತಿದ್ದ ಕೂಲಿಯಾಳಿಗೆ ಪೆಟ್ಟಾಯಿತು. ಇದು ಕೃಷಿ ಕೆಲಸವಲ್ಲ, ಆದ್ದರಿಂದ ಕಂಪನಿಗೆ ಹೊಣೆಯಿಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಗಾಯಾಳು ಬಡವನೆಂದು ಕಂಪನಿಯೇ ಮೊದಲು ಹಣ ಕೊಟ್ಟು, ಆ ಬಳಿಕ ಮಾಲಕನಿಂದ ವಸೂಲು ಮಾಡಿಕೊಳ್ಳಲು ಆದೇಶಿಸಿತು. ತೋಟದ ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರನ್ನು ಚಿರೇಕಲ್ಲಿಗೆ ಬಾಡಿಗೆ ಬಿಡುವವರೂ, ಸಂಜೆ ಆಳುಗಳನ್ನು ಟ್ರೇಲರಿನಲ್ಲಿ ಕೂರಿಸಿ ಮನೆಗೆ ಕಳಿಸುವವರೂ ಇದನ್ನು ಎರಡು ಸಲ ಓದಬೇಕೆಂದು ನಮ್ಮ ವಿನಂತಿ.

ಟ್ರೇಲರಿಗೆ ತನ್ನದೇ ನೋಂದಣಿ ಬೇಕು. ಅದು ಹೊರಬಹುದಾದ ತೂಕ ಅದರ ಆರ್.ಸಿ.ಯಲ್ಲಿರುತ್ತದೆ. ವಿಮಾ ಪಾಲಿಸಿಯಲ್ಲಿ ಟ್ರೇಲರಿನ ನಂಬರೂ ಬಂದಿದೆಯೇ ಎಂದು ನೋಡಿಕೊಳ್ಳಿರಿ. ಹೇರು ಮೀರಿದರೆ 2019ರ ತಿದ್ದುಪಡಿಯಂತೆ ಕಾಯಿದೆಯಲ್ಲಿರುವ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕಿಲ್ಲದ ಟ್ರೇಲರು ಮುಂದಿನ ಟ್ರ್ಯಾಕ್ಟರನ್ನೇ ನೂಕುತ್ತದೆ. ಹೇರು ಹೆಚ್ಚಿದಷ್ಟೂ ಆ ನೂಕು ಹೆಚ್ಚು. ಇಳಿಜಾರಿನ ಮೊದಲೇ ಸಣ್ಣ ಗೇರಿಗೆ ಬರಬೇಕು, ನ್ಯೂಟ್ರಲ್ಲಿನಲ್ಲಿ ಇಳಿಸುವ ಡೀಸೆಲ್ ಉಳಿತಾಯವಂತೂ ಬೇಡವೇ ಬೇಡ.

ಸಂದೇಹವಿದ್ದವರು ಲೈಸೆನ್ಸು ಹಾಗೂ ಎರಡೂ ಆರ್.ಸಿ.ಗಳೊಂದಿಗೆ ಹೊನ್ನಾವರದ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು. ಚಾಲಕನ ಲೈಸೆನ್ಸಿನ ಅವಧಿ ಮುಗಿಯುವ ತಾರೀಖನ್ನು ಮಾಲಕರೂ ಬರೆದಿಟ್ಟುಕೊಳ್ಳಬೇಕು.